ಧ್ವನಿಮುದ್ರಣದ ದೋಷಗಳು ಮತ್ತು ಮೌಖಿಕ ಪಠ್ಯದ ವಿಶ್ವಾಸಾರ್ಹತೆ

೧

ಕನ್ನಡದ ಗ್ರಂಥಸಂಪಾದನಾ ಪರಂಪರೆ ಓಲೆಗರಿಯ ಲಿಪಿಕಾರನನ್ನು ಎಂದೂ ಪೂರ್ಣವಾಗಿ ನಂಬಿದ್ದಿಲ್ಲ. ಅಕ್ಷರಲೋಪ, ಪುನರುಕ್ತಿ, ಪ್ರಕ್ಷೇಪ, ಹಸ್ತದೋಷಗಳನ್ನು ಗುರುತಿಸುವ, ಅವುಗಳ ಕಾರಣವನ್ನು ಹುಡುಕುವ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುವ ಕ್ರಮವನ್ನು ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಒಂದು ಶಾಸ್ತ್ರವಾಗಿಯೇ ಬೆಳೆಸಿದರು. ಆದರೆ ಅದೇ ವಿದ್ವತ್ತು ಮೌಖಿಕ ಪಠ್ಯದ ಕಡೆಗೆ ತಿರುಗಿದಾಗ ಈ ಆರೋಗ್ಯಕರ ಸಂಶಯವನ್ನು ಹೊಸ್ತಿಲಾಚೆಯೇ ಬಿಟ್ಟು ಬಂದಂತೆ ತೋರುತ್ತದೆ. ಧ್ವನಿಮುದ್ರಿಕೆ ಇದೆ ಎಂದಮೇಲೆ ಕಲಾವಿದನ ಬಾಯಿಂದ ಬಂದದ್ದೆಲ್ಲ ಇದ್ದಂತೆಯೇ ಉಳಿದಿದೆ ಎಂಬ ಗ್ರಹಿಕೆ ಇಂದಿಗೂ ಪ್ರಬಲವಾಗಿದೆ.

ಈ ಗ್ರಹಿಕೆ ಸರಿಯಲ್ಲ. ಯಂತ್ರವೂ ಒಬ್ಬ ಲಿಪಿಕಾರ. ಮೈಕ್ರೊಫೋನಿನಿಂದ ಕಡತದವರೆಗಿನ ದಾರಿಯಲ್ಲಿ ಧ್ವನಿ ಹಲವು ಕಡೆ ಹಾಯಬೇಕಾಗುತ್ತದೆ. ಪ್ರತಿಯೊಂದು ಕಡೆಯೂ ಲೋಪಕ್ಕೆ, ಪ್ರಕ್ಷೇಪಕ್ಕೆ ಅವಕಾಶವಿದೆ. ಈ ದೋಷಗಳನ್ನು ಗುರುತಿಸಿ ನಿವಾರಿಸುವ ಕೆಲಸವನ್ನು 'ತಾಂತ್ರಿಕ' ಎಂಬ ಹಣೆಪಟ್ಟಿ ಹಚ್ಚಿ ಸ್ಟುಡಿಯೋದವರಿಗೆ ವಹಿಸುವುದು, ಓಲೆಗರಿಯ ಪಾಠನಿರ್ಣಯವನ್ನು ಗ್ರಂಥಾಲಯದ ಸಹಾಯಕನಿಗೆ ವಹಿಸಿದಷ್ಟೇ ಅಸಂಗತ. ಅದು ಮೌಖಿಕ ಪಠ್ಯದ ಸಂಪಾದಕನ ಕೆಲಸ.

ಈ ದಿಕ್ಕಿನಲ್ಲಿ ಕರ್ನಾಟಕದ ನೆಲದಲ್ಲೇ ಒಂದು ಮಾದರಿಯಿದೆ. ೧೯೯೦ರಲ್ಲಿ ಗೋಪಾಲ ನಾಯ್ಕರು ನಿರೂಪಿಸಿದ ತುಳು ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪಗೌಡ ಮೊದಲಾದವರ ಜೊತೆಗೂಡಿ ದಾಖಲಿಸಿದರು. ೧೫,೬೮೩ ಸಾಲುಗಳ ಆ ಕಾವ್ಯ ೧೯೯೮ರಲ್ಲಿ ಪ್ರಕಟವಾದಾಗ, ಹಾಡು ಹೇಗೆ ಪಠ್ಯವಾಯಿತು ಎಂಬುದನ್ನೇ ವಿವರಿಸುವ ಪ್ರತ್ಯೇಕ ಸಂಪುಟವೊಂದು ಅದರ ಜೊತೆಯಲ್ಲಿ ಬಂದಿತು. ದಾಖಲಾತಿಯ ಪ್ರಕ್ರಿಯೆಯೂ ಸಂಶೋಧನೆಯ ವಸ್ತುವೇ ಎಂಬ ಪಾಠ ಅಲ್ಲಿದೆ. ಅದನ್ನು ಇಂದಿನ ತಂತ್ರಾಂಶಗಳಿಗೂ ವಿಸ್ತರಿಸಿಕೊಳ್ಳಬೇಕಾಗಿದೆ.

೨

ಮೊದಲು ಮುದ್ರಣದ ಕ್ಷಣದಲ್ಲೇ ಹುಟ್ಟುವ ದೋಷಗಳನ್ನು ನೋಡಬಹುದು. ಇವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಧ್ವನಿಮಟ್ಟ ಮಿತಿಮೀರುವುದು. ಕ್ಯಾಸೆಟ್ಟಿನ ಕಾಲದಲ್ಲಿ ಟೇಪಿನ 'ಸುಯ್' ಸದ್ದನ್ನು ಮುಚ್ಚಲು ಮಟ್ಟವನ್ನು ಸಾಧ್ಯವಾದಷ್ಟು ಏರಿಸಿ ಮುದ್ರಿಸುವ ರೂಢಿಯಿತ್ತು. ಟೇಪು ಮಿತಿಮೀರಿದಾಗ ನಿಧಾನವಾಗಿ ಒಡೆಯುತ್ತಿತ್ತು. ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಗಟ್ಟಿ ಚಾವಣಿ. ಅದಕ್ಕೆ ತಾಗಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕಂಸಾಳೆಯ ಒಂದು ಹೊಡೆತ, ಡಕ್ಕೆಯ ಒಂದು ಪೆಟ್ಟು ಸಾಕು, ಅದರೊಡನೆ ಬಂದ ಮಾತು ಒಡೆದುಹೋಗುತ್ತದೆ. ಅಡಾಸಿಟಿಯಂತಹ ತಂತ್ರಾಂಶಗಳಲ್ಲಿ ಇಂತಹ ಭಾಗವನ್ನು ಸರಿಪಡಿಸುವ ಸೌಲಭ್ಯ ಉಂಟು. ಆದರೆ ಅದು ಅಕ್ಕಪಕ್ಕದ ಅಲೆಯನ್ನು ನೋಡಿ ಮಾಡಿದ ಊಹೆ ಮಾತ್ರ. ಗ್ರಂಥಸಂಪಾದಕನು ಆವರಣದಲ್ಲಿಡುವ ಊಹಿತ ಪಾಠಕ್ಕೆ ಸಮಾನವಾದುದು. ನಿಜವಾದ ಪರಿಹಾರ ಮುದ್ರಿಸುವಾಗಲೇ ಇದೆ: ೨೪ ಬಿಟ್‌ನಲ್ಲಿ ಮುದ್ರಿಸಿ, ಅತ್ಯಂತ ಗಟ್ಟಿ ಸದ್ದೂ ಋಣ ೧೨ರಿಂದ ಋಣ ೬ ಡೆಸಿಬೆಲ್ ನಡುವೆ ನಿಲ್ಲುವಂತೆ ಮಟ್ಟವನ್ನು ಇಳಿಸುವುದು. ೨೪ ಬಿಟ್ ಮುದ್ರಣದಲ್ಲಿ ಮೆಲುದನಿಯನ್ನು ಆಮೇಲೆ ಏರಿಸಿದರೂ ಹಾನಿಯಾಗದು.

ಎರಡನೆಯದು, ಕಂಪ್ಯೂಟರಿನಲ್ಲಿ ನೇರವಾಗಿ ಮುದ್ರಿಸುವಾಗ ಕೇಳಿಬರುವ 'ಟಿಕ್ ಟಿಕ್' ಸದ್ದು ಮತ್ತು ನಡುನಡುವಿನ ಖಾಲಿ. ಧ್ವನಿಯ ಮಾಹಿತಿಯನ್ನು ತಂತ್ರಾಂಶ ಬಫರ್ ಎಂಬ ತಾತ್ಕಾಲಿಕ ಸ್ಥಳದಲ್ಲಿ ತುಂಬಿಕೊಂಡು ಡಿಸ್ಕಿಗೆ ಸಾಗಿಸುತ್ತದೆ. ಈ ಬಫರ್ ತೀರ ಚಿಕ್ಕದಾಗಿದ್ದರೆ ಅಥವಾ ಯಂತ್ರ ಬೇರೆ ಕೆಲಸದಲ್ಲಿ ತೊಡಗಿದ್ದರೆ ಕೆಲವು ತುಣುಕುಗಳು ಡಿಸ್ಕಿಗೆ ಸೇರದೆ ಬಿದ್ದುಹೋಗುತ್ತವೆ. ಸಂಗೀತಗಾರರು ತಮ್ಮ ದನಿಯನ್ನು ಕಿವಿಯಲ್ಲಿ ತಡವಿಲ್ಲದೆ ಕೇಳಿಸಿಕೊಳ್ಳಲು ಬಫರನ್ನು ಕಿರಿದಾಗಿಡುತ್ತಾರೆ: ಸೆಕೆಂಡಿಗೆ ೪೮,೦೦೦ ಮಾದರಿಗಳ ದರದಲ್ಲಿ ೧೨೮ ಮಾದರಿಗಳ ಬಫರ್ ಎಂದರೆ ಸುಮಾರು ೨.೭ ಮಿಲಿಸೆಕೆಂಡು. ಕ್ಷೇತ್ರಕಾರ್ಯದ ಸಂಶೋಧಕನಿಗೆ ಈ ಅವಸರ ಬೇಕಿಲ್ಲ. ಬಫರನ್ನು ೧,೦೨೪ಕ್ಕೆ ಏರಿಸಿದರೆ ವಿಳಂಬ ಸುಮಾರು ೨೧ ಮಿಲಿಸೆಕೆಂಡಾಗುತ್ತದೆ, ತುಣುಕುಗಳು ಬೀಳುವ ಸಂಭವ ಬಹಳ ಕಡಿಮೆಯಾಗುತ್ತದೆ. ಅಂತರ್ಜಾಲ ಸಂಪರ್ಕವನ್ನು ಕಡಿದು, ಯಂತ್ರ ತಾನಾಗಿ ನಿದ್ರೆಗೆ ಜಾರದಂತೆ ಹೊಂದಿಸಿಕೊಳ್ಳುವುದೂ ಅಗತ್ಯ. ಇದು ಅನುಕೂಲದ ಮಾತಷ್ಟೇ ಅಲ್ಲ. ಬಿದ್ದುಹೋದ ತುಣುಕು ಒಂದು ಅಕ್ಷರದಷ್ಟಿದ್ದರೆ, ಛಂದಸ್ಸನ್ನು ಪರಿಶೀಲಿಸುವವನು ಗಾಯಕನೇ ಮಾತ್ರೆ ತಪ್ಪಿದನೆಂದು ಬರೆದುಬಿಡಬಹುದು.

ಮೂರನೆಯ ದೋಷ ಹೆಚ್ಚು ಸೂಕ್ಷ್ಮವಾದುದು. ಇಂದು ಕ್ಷೇತ್ರಕಾರ್ಯ ಬಹುಮಟ್ಟಿಗೆ ಮೊಬೈಲಿನಲ್ಲೇ ನಡೆಯುತ್ತಿದೆ. ಅನೇಕ ಮೊಬೈಲುಗಳು ಮತ್ತು ಲ್ಯಾಪ್‌ಟಾಪುಗಳು ದೂರವಾಣಿ ಸಂಭಾಷಣೆಗೆಂದು ರೂಪಿಸಿದ ಸದ್ದಡಗಿಸುವ ವ್ಯವಸ್ಥೆಯನ್ನೂ ಸ್ವಯಂಚಾಲಿತ ಮಟ್ಟನಿಯಂತ್ರಣವನ್ನೂ ಹೊಂದಿವೆ. ಇಂತಹ ವ್ಯವಸ್ಥೆಯ ತರ್ಕ ಸರಳ: ಏರಿಳಿಯುವ ಸದ್ದು ಮಾತು, ಒಂದೇ ಸಮನೆ ಇರುವ ಸದ್ದು ಗದ್ದಲ. ಈ ತರ್ಕದ ಪ್ರಕಾರ ನೀಲಗಾರರ ತಂಬೂರಿಯ ಶ್ರುತಿಯೂ ಫ್ಯಾನಿನ ಸದ್ದಿನ ಸಾಲಿಗೇ ಸೇರಬಹುದು. ಮುಮ್ಮೇಳದ ಏರುದನಿಯೂ ಹಿಮ್ಮೇಳದ ಇಳಿದನಿಯೂ ಒಂದೇ ಮಟ್ಟಕ್ಕೆ ಬಂದು, ಪ್ರದರ್ಶನದ ಒಳವಿನ್ಯಾಸವೇ ಚಪ್ಪಟೆಯಾಗುತ್ತದೆ. ಮುದ್ರಣಕ್ಕೆ ಮೊದಲು ಈ ಸೌಲಭ್ಯಗಳನ್ನು ನಿಲ್ಲಿಸುವುದು, ನಿಲ್ಲಿಸಲು ಬಾರದಿದ್ದರೆ ಬೇರೆ ಉಪಕರಣ ಬಳಸುವುದು ಸೂಕ್ತ.

ಇನ್ನೊಂದು ತೊಡಕು ನಮ್ಮ ಇರುಳಿಡೀ ನಡೆಯುವ ಪ್ರದರ್ಶನಗಳಿಗೇ ವಿಶೇಷವಾದುದು. ವೇವ್ ಕಡತದ ಸಾಮಾನ್ಯ ರೂಪ ೪ ಗಿಗಾಬೈಟ್ ಮೀರಿ ಬೆಳೆಯಲಾರದು. ೨೪ ಬಿಟ್, ೪೮,೦೦೦ ದರದ ಸ್ಟೀರಿಯೋ ಮುದ್ರಣಕ್ಕೆ ಗಂಟೆಗೆ ಸುಮಾರು ಒಂದು ಗಿಗಾಬೈಟ್ ಬೇಕು. ರಾತ್ರಿ ಒಂಬತ್ತಕ್ಕೆ ಆರಂಭವಾದ ಮಾದೇಶ್ವರನ ಕಥೆ ಒಂದು ಗಂಟೆಯ ಹೊತ್ತಿಗೆ ಈ ಮಿತಿಯನ್ನು ಮುಟ್ಟುತ್ತದೆ. ಆ ವೇಳೆಗೆ ಕಡತವನ್ನು ತಾನಾಗಿ ವಿಭಜಿಸಿ ಮುಂದುವರಿಯುವ ಉಪಕರಣವಿದ್ದರೆ ಸರಿ. ಇಲ್ಲದಿದ್ದರೆ ಗಾಯಕರು ವಿರಮಿಸುವ ಪ್ರತಿ ಸಂದರ್ಭದಲ್ಲೂ ಹೊಸ ಕಡತವನ್ನು ಆರಂಭಿಸಬೇಕು.

೩

ಮುದ್ರಣದ ಅನಂತರ, ಸಂಸ್ಕರಣ ಮತ್ತು ಸಂರಕ್ಷಣೆಯ ಹಂತದಲ್ಲಿ ಸೇರುವ ದೋಷಗಳು ಇನ್ನೂ ಅಪಾಯಕಾರಿ. ಏಕೆಂದರೆ ಅವು ಸುಧಾರಣೆಯ ವೇಷದಲ್ಲಿ ಬರುತ್ತವೆ.

ಗದ್ದಲವನ್ನು ತಗ್ಗಿಸುವ ಕ್ರಿಯೆಯನ್ನೇ ಗಮನಿಸಬಹುದು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, ೨೦೦೦ದಲ್ಲಿ ಸಾರ್ವಜನಿಕರಿಗೆ ಮುಕ್ತವಾಗಿ ದೊರೆತ ಅಡಾಸಿಟಿ ತಂತ್ರಾಂಶದಲ್ಲಿ ಬರಿಯ ಗದ್ದಲವಿರುವ ಒಂದು ತುಣುಕನ್ನು ಮಾದರಿಯಾಗಿ ತೋರಿಸಿದರೆ, ಅದಕ್ಕೆ ಹೋಲುವ ಅಂಶವನ್ನು ಅದು ಇಡೀ ಕಡತದಿಂದ ತಗ್ಗಿಸುತ್ತದೆ. ಆದರೆ ಟೇಪಿನ ಸುಯ್‌ಗುಟ್ಟುವಿಕೆಗೂ ಸ, ಶ, ಹ ಧ್ವನಿಗಳಿಗೂ ಗುಣದಲ್ಲಿ ಹತ್ತಿರದ ನಂಟಿದೆ. ಎಲ್ಲವೂ ಉಸಿರಿನಂತಹ, ನಿರ್ದಿಷ್ಟ ಶ್ರುತಿಯಿಲ್ಲದ ಸದ್ದುಗಳು. ತಗ್ಗಿಸುವ ಪ್ರಮಾಣ ಹೆಚ್ಚಾದರೆ ಗದ್ದಲದೊಡನೆ ಇವೂ ಸವೆಯುತ್ತವೆ.

ಕನ್ನಡದ ಸಂಶೋಧಕನಿಗೆ ಇದರ ಪರಿಣಾಮವೇನು? ಪಾಲ್ ಎಂಬುದು ಹಾಲು ಆಗಿ, ದಕ್ಷಿಣದ ಆಡುನುಡಿಗಳಲ್ಲಿ ಆಲು ಆದ ಬಗೆ ನಮ್ಮ ಭಾಷಾಚರಿತ್ರೆಯ ಪ್ರಸಿದ್ಧ ಪ್ರಕರಣ. ಮಂಟೇಸ್ವಾಮಿ ಕಾವ್ಯದ ಗಾಯಕನೊಬ್ಬನ ನುಡಿಯಲ್ಲಿ 'ಹ'ಕಾರ ಎಲ್ಲಿ ಉಳಿದಿದೆ, ಎಲ್ಲಿ ಬಿದ್ದಿದೆ ಎಂಬುದರಿಂದ ಪ್ರಾದೇಶಿಕತೆ, ಶೈಲಿ, ಶಿಷ್ಟಭಾಷೆಯ ಪ್ರಭಾವ ಮುಂತಾದವನ್ನು ನಿರ್ಣಯಿಸುವ ಅಧ್ಯಯನಕ್ಕೆ ಅವಕಾಶವಿದೆ. ವಿಪರೀತವಾಗಿ 'ಶುದ್ಧೀಕರಿಸಿದ' ಮುದ್ರಿಕೆಯಲ್ಲಿ ಆಲು ಎಂದು ಕೇಳಿಸಿದರೆ ಹಕಾರವನ್ನು ಬಿಟ್ಟವನು ಗಾಯಕನೋ ತಂತ್ರಾಂಶವೋ ಹೇಳುವವರು ಯಾರು? ಮೂಲ ಮುದ್ರಿಕೆ ಅಳಿಸಿಹೋಗಿದ್ದರೆ ಈ ಪ್ರಶ್ನೆಗೆ ಎಂದೆಂದಿಗೂ ಉತ್ತರವಿಲ್ಲ.

ಎಂಪಿ೩ ರೂಪದ ಬಗೆಗೂ ಇದೇ ಮಾತು ಸಲ್ಲುತ್ತದೆ. ೧೨೮ ಕಿಲೋಬಿಟ್ ಎಂಪಿ೩ ಕಡತ ಸಿ.ಡಿ. ಗುಣಮಟ್ಟದ ಕಡತದ ಸುಮಾರು ಹನ್ನೊಂದರಲ್ಲಿ ಒಂದು ಪಾಲು. ಉಳಿದ ಮಾಹಿತಿಯನ್ನು 'ಕಿವಿಗೆ ಬೇಕಿಲ್ಲ' ಎಂಬ ಲೆಕ್ಕದಲ್ಲಿ ಬಿಡಲಾಗಿರುತ್ತದೆ. ಕೇಳಲು ಅದು ಸಾಕು, ಧ್ವನಿವಿಶ್ಲೇಷಣೆಗೆ ಸಾಲದು. ಅದನ್ನು ಮತ್ತೆ ವೇವ್ ರೂಪಕ್ಕೆ ಬದಲಿಸಿದರೆ ಕಡತ ದೊಡ್ಡದಾಗುತ್ತದೆಯೇ ಹೊರತು ಹೋದದ್ದು ಮರಳುವುದಿಲ್ಲ.

ಸ್ಯಾಂಪ್ಲಿಂಗ್ ದರದ ಗೊಂದಲ ಮತ್ತೊಂದು ಬಗೆಯದು. ೪೮,೦೦೦ ದರದಲ್ಲಿ ಮುದ್ರಿಸಿದ ಧ್ವನಿಯನ್ನು ತಂತ್ರಾಂಶ ತಪ್ಪಾಗಿ ೪೪,೧೦೦ ಎಂದು ತಿಳಿದು ನುಡಿಸಿದರೆ ಅರವತ್ತು ನಿಮಿಷದ ಹಾಡಿಕೆ ಅರವತ್ತೈದು ನಿಮಿಷ ದಾಟುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿಯುತ್ತದೆ. ಬ್ಯಾಟರಿ ಕುಗ್ಗಿದ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿದ ಹಳೆಯ ಕ್ಯಾಸೆಟ್ಟುಗಳಲ್ಲಿ ಇದರ ವಿಲೋಮ ಕಾಣುತ್ತದೆ: ಮುದ್ರಣ ನಿಧಾನವಾಗಿ ನಡೆದುದರಿಂದ ನುಡಿಸುವಾಗ ದನಿ ಏರುತ್ತದೆ, ಲಯ ಓಡುತ್ತದೆ. ಎರಡರಲ್ಲೂ ಶ್ರುತಿ ಮತ್ತು ಲಯ ಒಟ್ಟಿಗೆ ಕೆಟ್ಟಿರುವುದರಿಂದ ತಿದ್ದುವಾಗಲೂ ಎರಡನ್ನೂ ಒಟ್ಟಿಗೆ ಬದಲಿಸುವ 'ಸ್ಪೀಡ್' ಸೌಲಭ್ಯವನ್ನು ಬಳಸಬೇಕು. ಶ್ರುತಿಯನ್ನು ಹಾಗೆಯೇ ಉಳಿಸಿ ಲಯವನ್ನಷ್ಟೇ ಬದಲಿಸುವ 'ಟೆಂಪೊ' ಸೌಲಭ್ಯವನ್ನಲ್ಲ. ತಿದ್ದದ ಮುದ್ರಿಕೆಯನ್ನು ಆಧರಿಸಿ ಗಾಯಕರ ಶ್ರುತಿ, ಲಯಗಳ ಬಗ್ಗೆ ಬರೆದ ವಾಕ್ಯಗಳು ಗಾಯಕರ ಬಗ್ಗೆ ಅಲ್ಲ, ಬ್ಯಾಟರಿಯ ಬಗ್ಗೆ ಬರೆದವು.

ಕೊನೆಯದಾಗಿ, ಯೋಜನಾ ಕಡತ ಮತ್ತು ಧ್ವನಿ ಕಡತಗಳ ವ್ಯತ್ಯಾಸ. ಅಡಾಸಿಟಿಯ ಹಳೆಯ ಆವೃತ್ತಿಗಳಲ್ಲಿ ಯೋಜನಾ ಕಡತ ಬೇರೆ, ಧ್ವನಿಯ ತುಣುಕುಗಳಿರುವ ಫೋಲ್ಡರ್ ಬೇರೆ. ಮೊದಲನೆಯದನ್ನಷ್ಟೇ ಪೆನ್‌ಡ್ರೈವಿಗೆ ನಕಲಿಸಿಕೊಂಡವರ ಕೈಯಲ್ಲಿ ಉಳಿಯುವುದು ಪರಿವಿಡಿ ಮಾತ್ರ, ಗ್ರಂಥವಲ್ಲ. ೨೦೨೧ರಲ್ಲಿ ಬಂದ ಮೂರನೆಯ ಆವೃತ್ತಿ ಎರಡನ್ನೂ ಒಂದೇ ಕಡತದಲ್ಲಿರಿಸಿತು. ಆದರೂ ಅದು ಆ ತಂತ್ರಾಂಶಕ್ಕೆ ಸೀಮಿತವಾದ ರೂಪ; ಸಂರಕ್ಷಣೆಗೆ ವೇವ್ ರೂಪದ ಪ್ರತಿಯೇ ಬೇಕು.

೪

ಈ ವಾದಕ್ಕೆ ಎರಡು ಆಕ್ಷೇಪಗಳು ಸಹಜ. ಸಾಹಿತ್ಯದ ವಿದ್ಯಾರ್ಥಿ ತಂತ್ರಜ್ಞನಾಗಬೇಕೆ ಎಂಬುದು ಮೊದಲನೆಯದು. ಓಲೆಗರಿಯನ್ನು ಓದುವವನು ಗರಿಯ ಸ್ವಭಾವವನ್ನೂ ಕಂಠದ ಗೀರನ್ನೂ ಬಲ್ಲವನಾಗಿರುತ್ತಾನೆ. ಅದರಿಂದ ಅವನು ಕುಶಲಕರ್ಮಿಯಾಗಿಬಿಡುವುದಿಲ್ಲ, ಒಳ್ಳೆಯ ಓದುಗನಾಗುತ್ತಾನೆ. ಮೇಲೆ ಹೇಳಿದ ಸಂಗತಿಗಳೆಲ್ಲ ಕೆಲವು ದಿನಗಳ ತರಬೇತಿಯಲ್ಲಿ ಕಲಿಯಬಹುದಾದವು. ಎರಡನೆಯದು, ಗದ್ದಲ ತುಂಬಿದ ಮುದ್ರಿಕೆಯನ್ನು ಯಾರು ಕೇಳುತ್ತಾರೆ ಎಂಬುದು. ಇದು ನ್ಯಾಯವಾದ ಪ್ರಶ್ನೆ. ಕಲಾವಿದರ ಕುಟುಂಬಕ್ಕೆ, ಸಾಮಾನ್ಯ ಕೇಳುಗರಿಗೆ ಹಿತವಾದ ಪ್ರತಿ ದೊರೆಯಲೇಬೇಕು. ಆದರೆ ಅದಕ್ಕಾಗಿ ಮೂಲವನ್ನು ತಿದ್ದಬೇಕಾಗಿಲ್ಲ. ಯಾವ ಸಂಸ್ಕರಣಕ್ಕೂ ಒಳಗಾಗದ ಮೂಲಪ್ರತಿ ಮತ್ತು ಸಂಸ್ಕರಿಸಿದ ಶ್ರವಣಪ್ರತಿ ಎಂದು ಎರಡನ್ನು ಬೇರೆಬೇರೆಯಾಗಿ ಇರಿಸಿದರೆ ಸಮಸ್ಯೆ ತೀರುತ್ತದೆ. ಅಂತಾರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘವು ತನ್ನ ಮಾರ್ಗಸೂಚಿಯಲ್ಲಿ ಟೇಪಿನ ಡಿಜಿಟಲೀಕರಣಕ್ಕೆ ಕನಿಷ್ಠ ೪೮,೦೦೦ ದರ, ೨೪ ಬಿಟ್ ಎಂದು ಗೊತ್ತುಪಡಿಸಿರುವುದೂ ಸಂರಕ್ಷಣಾ ಪ್ರತಿಯಲ್ಲಿ ಅಭಿರುಚಿಯ ತಿದ್ದುಪಡಿ ಕೂಡದೆಂದು ಹೇಳಿರುವುದೂ ಇದೇ ಕಾರಣಕ್ಕೆ.

ಜಾನಪದ ಸಂಶೋಧನೆಯ ಅನುಬಂಧದಲ್ಲಿ ಕಲಾವಿದರ ಹೆಸರು, ವಯಸ್ಸು, ಊರು, ಭಾವಚಿತ್ರಗಳನ್ನು ಕೊಡುವ ಒಳ್ಳೆಯ ಪದ್ಧತಿಯಿದೆ. ಅದರ ಜೊತೆಗೆ ಉಪಕರಣ, ದರ, ಬಿಟ್, ತಂತ್ರಾಂಶದ ಆವೃತ್ತಿ, ಮಾಡಿದ ಸಂಸ್ಕರಣ, ಗಮನಿಸಿದ ದೋಷಗಳು ಮತ್ತು ಅವು ಬರುವ ನಿಮಿಷ–ಸೆಕೆಂಡುಗಳನ್ನು ಒಂದು ಪುಟದಲ್ಲಿ ಕಡ್ಡಾಯವಾಗಿ ಕೊಡಬೇಕು. ಲಿಪ್ಯಂತರದಲ್ಲಿ ಕೇಳಿಸದ ಎಡೆಯನ್ನು ಚುಕ್ಕಿಯಿಂದಷ್ಟೇ ತೋರಿಸದೆ, ಕಾರಣ ಗಾಯಕನ ಅಸ್ಪಷ್ಟತೆಯೋ ಮುದ್ರಣದ ಲೋಪವೋ ಎಂಬುದನ್ನು ಬೇರೆಬೇರೆ ಚಿಹ್ನೆಗಳಿಂದ ಸೂಚಿಸಬೇಕು. ಪಿಎಚ್.ಡಿ. ಕೋರ್ಸ್‌ವರ್ಕಿನ ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಗ್ರಂಥಸಂಪಾದನೆಯ ಪಕ್ಕದಲ್ಲೇ ಧ್ವನಿಸಂಪಾದನೆಗೂ ಒಂದು ಘಟಕ ಮೀಸಲಾಗಬೇಕು.

ಯುನೆಸ್ಕೊ ಮತ್ತು ಮೇಲೆ ಹೇಳಿದ ಸಂಘ ಒಟ್ಟುಗೂಡಿ ೨೦೧೯ರಲ್ಲಿ ಕೈಗೊಂಡ ಯೋಜನೆಯೊಂದು, ನುಡಿಸುವ ಯಂತ್ರಗಳೂ ಬಿಡಿಭಾಗಗಳೂ ಮರೆಯಾಗುತ್ತಿರುವುದರಿಂದ ಕಾಂತೀಯ ಟೇಪುಗಳನ್ನು ೨೦೨೫ರ ಸುಮಾರಿಗೆ ವರ್ಗಾಯಿಸಿಕೊಳ್ಳದಿದ್ದರೆ ಬಹುಪಾಲು ಕೈತಪ್ಪುತ್ತವೆಂದು ಎಚ್ಚರಿಸಿತ್ತು. ಆ ಗಡುವು ಮುಗಿದಿದೆ. ವಿಭಾಗಗಳ ಕಪಾಟುಗಳಲ್ಲಿಯೂ ನಿವೃತ್ತ ಅಧ್ಯಾಪಕರ ಮನೆಗಳಲ್ಲಿಯೂ ಇರುವ ಕ್ಯಾಸೆಟ್ಟುಗಳಿಗೆ ಬಹುಶಃ ಇನ್ನೊಂದೇ ಒಂದು ಸಲ ವರ್ಗಾವಣೆಯ ಅವಕಾಶವಿದೆ. ಅವುಗಳಲ್ಲಿ ಹಾಡಿದ ಅನೇಕರು ಇಂದು ಬದುಕಿಲ್ಲ. ಆ ಒಂದು ಸಲ ಕ್ಯಾಸೆಟ್ ಡೆಕ್ಕಿನ ತಂತಿಯನ್ನು ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ತುರುಕಿ, ಒಡೆದ ದನಿಯನ್ನು ಎಂಪಿ೩ಗೆ ಇಳಿಸಿ, ಟೇಪನ್ನು ಎಸೆದುಬಿಟ್ಟರೆ, ಮುಂದಿನ ತಲೆಮಾರಿನ ಸಂಪಾದಕನಿಗೆ ಹೋಲಿಸಿ ನೋಡಲು ಇನ್ನೊಂದು ಪ್ರತಿಯೇ ಇರುವುದಿಲ್ಲ.