ಕವಿಪರಿಚಯದ ‘ಸ್ಥಳ’

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದಿದ ನಮಗೆ ಕವಿಪರಿಚಯ ಅಂದ್ರೆ ಬರೀ ಮಾರ್ಕಿನ ಪ್ರಶ್ನೆ. ಸ್ಥಳ, ಕಾಲ, ಕೃತಿ, ಬಿರುದು. ಬಾಯಿಪಾಠ ಮಾಡ್ತಿದ್ದೆವು, ಪರೀಕ್ಷೆ ಮುಗಿದ ಮೇಲೆ ಮರೀತಿದ್ದೆವು. ಪಂಪ, ರನ್ನ ಎಲ್ಲ ಘಟ್ಟದ ಮೇಲಿನವರು, ನಮಗೂ ಅವರಿಗೂ ಏನು ಸಂಬಂಧ ಅಂತಲೇ ಅಂದುಕೊಂಡಿದ್ದೆವು.

ಆ ‘ಸ್ಥಳ’ದ ಸಾಲನ್ನು ಈಗ ಮತ್ತೊಮ್ಮೆ ಓದೋಣ.

ರಾಷ್ಟ್ರಕವಿ ಗೋವಿಂದ ಪೈ: ಮಂಜೇಶ್ವರ. 1949ರಲ್ಲಿ ಆ ಬಿರುದು ಕೊಟ್ಟದ್ದು ಮದ್ರಾಸ್ ಸರಕಾರ. 1956ರಲ್ಲಿ ಅವರ ಮನೆ ಇದ್ದಲ್ಲೇ ಇತ್ತು, ರಾಜ್ಯ ಮಾತ್ರ ಕೇರಳವಾಯಿತು. ಕಯ್ಯಾರ ಕಿಞ್ಞಣ್ಣ ರೈ: ಪೆರಡಾಲ. ಇನ್ನು ಆದಿಕವಿ ಪಂಪ? ಅವನು ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ಆ ಊರು ಇಂದು ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭ ಕೆತ್ತಿಸಿದ ಕುರಿಕ್ಯಾಲ ಶಾಸನವೂ ಅಲ್ಲೇ. ಒಂದೇ ಬಂಡೆಯ ಮೇಲೆ ಕನ್ನಡ, ತೆಲುಗು, ಸಂಸ್ಕೃತ ಮೂರೂ ಇವೆ.

ಅಂದ್ರೆ ಕನ್ನಡ ಮೊದಲೇ ಇತ್ತು, ಗಡಿ ಆಮೇಲೆ ಬಂತು. ನಾವು ಯಾರ ಮನೆಗೂ ಬಂದ ನೆಂಟರಲ್ಲ.

ಮಲಯಾಳವನ್ನೂ ಚೆನ್ನಾಗಿ ಕಲಿಯೋಣ, ಬ್ಯಾಂಕಿನ ಕೌಂಟರಿನಲ್ಲಿ ಕೂತ ನಮಗೆ ದಿನಾ ಬೇಕು. ಆದರೆ ಕನ್ನಡ ತರಗತಿಗೆ ಕನ್ನಡವೇ ಬಾರದ ಟೀಚರ್ ಬಂದರೆ, ನಾವು ಮರೆತ ಆ ನಾಲ್ಕು ಸಾಲೂ ಮಕ್ಕಳಿಗೆ ಸಿಗುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸಂವಿಧಾನದ 350ಎ ವಿಧಿಯಲ್ಲೇ ಇದೆ. ಪಿಟಿಎ ಸಭೆಗೆ ಹೋಗಿ ಕೇಳೋಣ, ಬರವಣಿಗೆಯಲ್ಲಿ ಕೊಡೋಣ, ರಶೀದಿ ತೆಗೆದುಕೊಳ್ಳೋಣ.

ಜೂನ್‌ನಲ್ಲಿ ಶಾಲೆ ತೆರೆಯುವಾಗ ನಮ್ಮ ಮಕ್ಕಳು ಕನ್ನಡ ತರಗತಿಯಲ್ಲೇ ಕೂತಿರಲಿ. ಅಲ್ಲಿ ಬೆಂಚು ಖಾಲಿಯಾದರೆ ಕೇಳೋಕೆ ನಮಗೆ ಬಾಯಿ ಎಲ್ಲಿರುತ್ತದೆ?