ಸಹಿ ಯಾರದು, ಹೊಣೆ ಯಾರದು?



ಸಂಘದ ಕಣಕ್ಕೆ ಹಾಸುವ ಚಪ್ಪಡಿ ಕಲ್ಲಿನ ದರ ವಿಚಾರಿಸಲೆಂದು ನಾವು ನಿರ್ದೇಶಕರೊಬ್ಬರ ಜೊತೆಗೂಡಿ ಶಹಾಬಾದ್, ಚಿತ್ತಾಪುರದ ಕಡೆಗೆ ಹೋಗಿ ಬಂದೆವು. ಅದು ತೊಗರಿಯ ಸೀಮೆ, ನಮ್ಮದು ಕಾಫಿ-ಅಡಿಕೆಯ ಸೀಮೆ, ಬೆಳೆಯಲ್ಲಿ ನಂಟಿಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವುದು ಶಹಾಬಾದಿನ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟು ನಾಡಿನ ತುಂಬ ಹೋಗುತ್ತದೆ. ಕಟ್ಟಡದ ಸಾಮಾನಿಗಾಗಿ ಹೋದ ನಾವು ಅಲ್ಲಿಂದ ಕಟ್ಟಡದ ಬಗೆಗೇ ಒಂದು ಪಾಠ ಕಲಿತು ಬಂದೆವು. ಅದನ್ನು ಬರುವ ಸರ್ವ ಸದಸ್ಯರ ಸಭೆಗೆ ಮುಂಚೆಯೇ ತಮ್ಮ ಮುಂದಿಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಚಿತ್ತಾಪುರ ತಾಲ್ಲೂಕಿನ ದಂಡೋತಿಯ ಬಳಿ ಕಾಗಿಣಾ ನದಿಗೆ ಒಂದು ಸೇತುವೆಯಿದೆ. ಭೀಮೆಯನ್ನು ಸೇರುವ ಈ ಹೊಳೆ ಮಳೆಗಾಲದಲ್ಲಿ ಉಕ್ಕಿದರೆ ನೀರು ಸೇತುವೆಯ ಮೇಲೆ ಹರಿದು ರಸ್ತೆ ಬಂದಾಗುವುದು ಆ ಭಾಗದವರಿಗೆ ಹೊಸದಲ್ಲ. ಅಲ್ಲಿ ಚಹಾ ಕುಡಿಯುತ್ತಿದ್ದಾಗ ಹಿರಿಯರೊಬ್ಬರು ನಮಗೆ ಹೇಳಿದರು: "ಹೊಳಿ ಬಂತಂದ್ರ ಈ ಸೇತುವಿ ಇಲ್ಲಂತ ತಿಳ್ಕೋಬೇಕ್ರೀ. ನಮಗ ಗೊತ್ತದ, ಅದಕ್ಕ ನಿಂತಬಿಡ್ತೀವಿ. ಹೊರಗಿಂದ ಬಂದವರಿಗೆ ಗೊತ್ತಿರಂಗಿಲ್ಲ ನೋಡ್ರಿ."

ಆ ಮಾತಿನಲ್ಲಿ ದೊಡ್ಡ ವಿಚಾರವೊಂದು ಅಡಗಿದೆ. ಸೇತುವೆಯಾಗಲಿ ಒಡ್ಡಾಗಲಿ, ಯಾವ ಮಟ್ಟದ ನೆರೆಗೆ ಅದನ್ನು ಕಟ್ಟಬೇಕೆಂಬುದು ಒಂದು ಲೆಕ್ಕಾಚಾರ. ಎತ್ತರ ಹೆಚ್ಚಿದರೆ ಖರ್ಚು ಹೆಚ್ಚು, ತಗ್ಗಿದರೆ ಅಪಾಯ ಹೆಚ್ಚು. ಅಪಾಯವೇ ಇಲ್ಲದ ಕಟ್ಟಡವೆಂಬುದು ಲೋಕದಲ್ಲಿಲ್ಲ. ಎಷ್ಟು ಅಪಾಯ ಉಳಿಯಿತು, ಅದು ಯಾರ ತಲೆಗೆ ಬಂತು, ಆ ತಲೆಯವನಿಗೆ ಅದು ಗೊತ್ತಿದೆಯೇ—ಇಷ್ಟೇ ಪ್ರಶ್ನೆ. ಗೊತ್ತಿದ್ದವನು ಹೊಳೆಯ ಈಚೆ ನಿಲ್ಲುತ್ತಾನೆ, ಗೊತ್ತಿಲ್ಲದವನು ಕೊಚ್ಚಿಹೋಗುತ್ತಾನೆ.

ನಾವೂ ಒಮ್ಮೆ ಹಾಗೆ ಕೊಚ್ಚಿಹೋದವರೇ. ಹಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲಿ ಪಲ್ಪರಿಗೆ ನೀರೊದಗಿಸಲು ಒಂದು ತೊಟ್ಟಿ ಕಟ್ಟಿಸಿದೆವು. ಪರಿಚಯದ ಇಂಜಿನಿಯರೊಬ್ಬರು 5 ಅಡಿ ಆಳದ ತೊಟ್ಟಿಗೆ ನಕ್ಷೆ ಬರೆದುಕೊಟ್ಟರು. ಗುತ್ತಿಗೆದಾರರ ಜೊತೆ ಆದ ಕರಾರೆಂದರೆ ಅರ್ಧ ಹಾಳೆಯ ಮೇಲೆ ಬರೆದ ದರ, ಅಷ್ಟೇ. ಕೆಲಸ ನಡೆಯುತ್ತಿದ್ದಾಗ ಹಿಂದಿನ ಬೇಸಿಗೆಯ ನೀರಿನ ತಾಪತ್ರಯ ನೆನಪಾಗಿ, "ಹೇಗೂ ಕಟ್ಟುತ್ತಿದ್ದೀರಿ, ಇನ್ನೊಂದು ಅಡಿ ಏರಿಸಿಬಿಡಿ" ಎಂದೆವು. ಇಂಜಿನಿಯರರಿಗೆ ತಿಳಿಸಲಿಲ್ಲ. ಎರಡನೆಯ ವರ್ಷ ಹಣ್ಣು ಕೊಯ್ಲಿನ ನಡುವೆ ತೊಟ್ಟಿಯ ಗೋಡೆ ಬಿರಿದು ಕೆಳಗಿನ ಗಿಡಗಳ ಮೇಲೆ ಬಿತ್ತು. ಆಳುಗಳು ಊಟಕ್ಕೆ ಹೋಗಿದ್ದರಿಂದ ಜೀವ ಉಳಿಯಿತು. ನಕ್ಷೆಯಂತೆ ಕಟ್ಟಿಲ್ಲವೆಂದು ಇಂಜಿನಿಯರರು, ಧಣಿಗಳೇ ಹೇಳಿದ್ದೆಂದು ಗುತ್ತಿಗೆದಾರರು. ಇಬ್ಬರ ಮಾತೂ ಸುಳ್ಳಲ್ಲ.

ಆಮೇಲೆ ಲೆಕ್ಕ ತಿಳಿದವರು ನಮಗೆ ವಿವರಿಸಿದರು: ನಿಂತ ನೀರು ಗೋಡೆಯನ್ನು ನೂಕುವ ಬಲ ಆಳದ ವರ್ಗದಂತೆ ಏರುತ್ತದೆ. ಐದರ ವರ್ಗ 25, ಆರರದು 36. ನಾವು ಏರಿಸಿದ್ದು ಒಂದೇ ಅಡಿ. ಗೋಡೆಯ ಮೇಲಿನ ನೂಕುಬಲ ಏರಿದ್ದು ಶೇಕಡಾ 44. ಮೂರಡಿಯ ತೊಟ್ಟಿಯನ್ನು ಸೊಗಸಾಗಿ ಕಟ್ಟಿದ ಮೇಸ್ತ್ರಿಯೇ ಆರಡಿಯದನ್ನೂ ಕಟ್ಟಬಲ್ಲನೆಂದು ನಂಬುವಾಗ ನೂಕುಬಲ ನಾಲ್ಕು ಪಟ್ಟಾಗಿದೆ ಎಂಬುದನ್ನು ನಾವು ಮರೆಯುತ್ತೇವೆ. ಮೇಸ್ತ್ರಿಯ ಕೈಗೆ ನಮ್ಮ ಗೌರವವಿದೆ. ಆದರೆ ಕೈ ಬೇರೆ, ಲೆಕ್ಕ ಬೇರೆ.

ಇಂಥ ಅವಘಡ ತೋಟದ ಮೂಲೆಯಲ್ಲಿ ಆದರೆ ನಷ್ಟ ಒಬ್ಬನದು. ಪೇಟೆಯಲ್ಲಿ ಆದರೆ ಹೆಣಗಳ ಸಾಲು. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಪೂರ್ಣಗೊಳ್ಳದ ಕಟ್ಟಡ ಕುಸಿದು 19 ಜನ ತೀರಿಕೊಂಡರು. ಪ್ರತಿ ಸಲವೂ ವಿಚಾರಣೆ, ಮೊಕದ್ದಮೆ. ಇವೆಲ್ಲ ಬಿದ್ದ ಮೇಲಿನ ಮಾತು. ಬೀಳುವ ಮುಂಚೆ ಹೊಣೆಯನ್ನು ಗೊತ್ತುಮಾಡುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ನಮ್ಮ ದೇಶದಲ್ಲಿ ವೈದ್ಯರು ಕಾನೂನಿನ ಪ್ರಕಾರ ನೋಂದಣಿಯಾಗಬೇಕು. ವಕೀಲರಿಗೆ 1961ರ ಕಾಯಿದೆ, ಲೆಕ್ಕಪರಿಶೋಧಕರಿಗೆ 1949ರ ಕಾಯಿದೆ ಇದೆ. ಆರ್ಕಿಟೆಕ್ಟ್ ಎಂಬ ಹೆಸರನ್ನು ಯಾರು ಹಾಕಿಕೊಳ್ಳಬಹುದೆಂಬುದಕ್ಕೂ 1972ರಿಂದ ಕಾಯಿದೆಯುಂಟು. ಆದರೆ ಇಂಜಿನಿಯರರಿಗೆ ಇಡೀ ದೇಶಕ್ಕೆ ಅನ್ವಯಿಸುವ ಇಂಥ ಕಾಯಿದೆ ಇಲ್ಲ. 1920ರಲ್ಲಿ ಹುಟ್ಟಿದ ಭಾರತದ ಇಂಜಿನಿಯರುಗಳ ಸಂಸ್ಥೆ ಘನವಾದದ್ದೇ. ಆದರೆ ಅದರ ಸದಸ್ಯರಲ್ಲದವರು ವೃತ್ತಿ ನಡೆಸಬಾರದೆಂಬ ಕಟ್ಟಳೆಯಿಲ್ಲ. ನಗರದ ಪಾಲಿಕೆಗಳು ತಮ್ಮ ಮಟ್ಟಿಗೆ ಇಂಜಿನಿಯರರನ್ನು ನೋಂದಾಯಿಸಿಕೊಳ್ಳುವುದುಂಟು. ಗುಜರಾತಿನವರು 2001ರ ಭೂಕಂಪದ ಪೆಟ್ಟು ತಿಂದ ಬಳಿಕ 2006ರಲ್ಲಿ ಸಿವಿಲ್ ಇಂಜಿನಿಯರರಿಗಾಗಿ ಒಂದು ಕಾಯಿದೆ ಮಾಡಿಕೊಂಡರು.

ಅಮೆರಿಕದ ವಯೋಮಿಂಗ್ ರಾಜ್ಯದ ಕಥೆ ನಮ್ಮಂಥ ನೀರಾವರಿಯವರಿಗೆ ಇನ್ನೂ ಹತ್ತಿರದ್ದು. ಅಲ್ಲಿ ಹೊಳೆಯ ನೀರು ಬಳಸಲು ಅರ್ಜಿ ಹಾಕುವಾಗ ವಕೀಲರೂ ನೋಟರಿಗಳೂ ತಾವೇ ನಕ್ಷೆ ಬರೆದು ಇಂಜಿನಿಯರ್ ಎಂದು ಸಹಿ ಮಾಡುತ್ತಿದ್ದರು. ಕಾಲುವೆ ಒಂದು ಕಡೆ, ನಕ್ಷೆ ಇನ್ನೊಂದು ಕಡೆ. ಬೇಸತ್ತ ಸರ್ಕಾರ 1907ರಲ್ಲಿ ಇಂಜಿನಿಯರರಿಗೆ ಪರವಾನಗಿ ಕಡ್ಡಾಯ ಮಾಡಿತು. ಆ ದೇಶದಲ್ಲಿ ಅದೇ ಮೊದಲು.

ನಮ್ಮಲ್ಲಿಯೂ ಅಂಥ ಕಾಯಿದೆ ಬರಲೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದರೆ ಅದು ಬರುವವರೆಗೆ ಸಣ್ಣ ಬೆಳೆಗಾರನಿಗಿರುವ ಬೇಲಿ ಒಂದೇ: ಕರಾರುಪತ್ರ. 1872ರ ಕರಾರು ಕಾಯಿದೆ ಇಂದಿಗೂ ನಮ್ಮ ಕೈಯಲ್ಲಿದೆ. ಅದರ 73ನೆಯ ಕಲಮಿನ ಸಾರವನ್ನು ಪ್ರತಿ ಬೆಳೆಗಾರನೂ ತಿಳಿದಿರಬೇಕು. ಕರಾರು ಮುರಿದವನು ಸಹಜವಾಗಿ ಆಗುವ ನಷ್ಟವನ್ನೂ, ಕರಾರಿನ ಹೊತ್ತಿಗೆ ಇಬ್ಬರಿಗೂ ತಿಳಿದಿದ್ದ ನಷ್ಟವನ್ನೂ ಕೊಡಬೇಕು, ದೂರದ ನಷ್ಟವನ್ನಲ್ಲ. ಇದೇ ತತ್ವದ ಮೇಲೆ 1854ರಲ್ಲಿ ಇಂಗ್ಲೆಂಡಿನ ಗಿರಣಿಯವರೊಬ್ಬರು ಸೋತರು. ಅವರ ಗಿರಣಿಯ ದಂಡ ಮುರಿದಿತ್ತು, ಸಾಗಣೆಯವರು ತಡಮಾಡಿದರು, ಗಿರಣಿ ನಿಂತಿತು. ಆದರೆ ಈ ದಂಡವಿಲ್ಲದೆ ಗಿರಣಿ ನಿಲ್ಲುವುದೆಂಬುದು ಸಾಗಣೆಯವರಿಗೆ ತಿಳಿದಿರಲಿಲ್ಲವಾಗಿ ಲಾಭನಷ್ಟ ಸಿಗಲಿಲ್ಲ. ನಮ್ಮ ಪಲ್ಪರನ್ನು ದುರಸ್ತಿಗೆ ಕೊಡುವಾಗ "ಇಂಥ ದಿನ ಕೊಯ್ಲು ಶುರು, ಅಷ್ಟರಲ್ಲಿ ಬಾರದಿದ್ದರೆ ಹಣ್ಣು ಹಾಳು" ಎಂದು ಬರೆದು ಕೊಡುವವರು ನಮ್ಮಲ್ಲಿ ಎಷ್ಟು ಮಂದಿ?

ಈಗ ಸಂಘದ ಗೋದಾಮಿನ ವಿಷಯಕ್ಕೆ ಬರೋಣ. ಬಂದಿರುವ ದರಪಟ್ಟಿಗಳಲ್ಲಿ ಅತಿ ಕಡಿಮೆಯದರಲ್ಲಿ ಇಂಜಿನಿಯರರ ಹೆಸರೇ ಇಲ್ಲ. ಕೇಳಿದರೆ "ಇಂಜಿನಿಯರು ನಮ್ಮವರೇ ಇದ್ದಾರೆ" ಎಂಬ ಉತ್ತರ. ಕಟ್ಟುವವನ ಸಂಬಳ ತಿನ್ನುವವನು ಕಟ್ಟಿದ್ದನ್ನು ತಪಾಸಣೆ ಮಾಡುವುದೆಂದರೆ ಬೇಲಿಗೇ ಹೊಲ ಕಾಯಲು ಹೇಳಿ ಮೇವು ತೋರಿಸಿದಂತೆ. ಹಣ ಉಳಿಯುತ್ತದೆಂದು ಕೆಲವು ಸದಸ್ಯರು ಅದರ ಪರವಾಗಿದ್ದಾರೆ. ಅವರ ಕಾಳಜಿ ನಮಗೆ ಅರ್ಥವಾಗುತ್ತದೆ. ಬೆಲೆ ಬಿದ್ದ ವರ್ಷದ ಕಷ್ಟ ನಮಗೂ ಗೊತ್ತು. ಆದರೂ ನಾವು ಒಪ್ಪಲಾರೆವು. ಆ ಗೋಡೆಗಳ ನಡುವೆ ಇರುವುದು ನಮ್ಮೆಲ್ಲರ ಒಂದು ವರ್ಷದ ದುಡಿಮೆ, ಮೂಟೆ ಹೊರುವವರ ಜೀವ.

ನಮ್ಮ ಸಲಹೆಗಳು ಇಷ್ಟು. ಒಂದು, ಇಂಜಿನಿಯರರನ್ನು ಸಂಘವೇ ಬೇರೆಯಾಗಿ ನೇಮಿಸಿ ಶುಲ್ಕ ಕೊಡಲಿ. ನಕ್ಷೆ, ಲೆಕ್ಕ, ತಪಾಸಣೆಗಳ ಮೇಲೆ ಅವರ ಹೆಸರು, ಸಹಿ ಇರಲಿ. ಎರಡು, ಮಣ್ಣಿನ ಪರೀಕ್ಷೆಯಾಗದೆ ಪಾಯ ತೆಗೆಯುವುದು ಬೇಡ. ಚಿತ್ತಾಪುರದ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನಮ್ಮಲ್ಲಿ ಕಡಿದ ಗುಡ್ಡ ಮಳೆಗೆ ಜರಿಯುತ್ತದೆ. 2018ರ ಆಗಸ್ಟಿನಲ್ಲಿ ಕೊಡಗು ಕಂಡದ್ದನ್ನು ಮರೆಯುವಂತಿಲ್ಲ. ಒಂದು ಕಡೆಯ ನಕ್ಷೆ ಇನ್ನೊಂದು ಕಡೆಗೆ ಸಲ್ಲದು. ಮೂರು, ಬಿಲ್ಲಿನ ಒಂದು ಪಾಲನ್ನು ಹಿಡಿದಿಟ್ಟು, ಒಂದು ಪೂರ್ತಿ ಮಳೆಗಾಲ ಕಳೆದು ದೋಷ ಕಾಣದಿದ್ದರೆ ಕೊಡುವುದು. ನಾಲ್ಕು, ಕೆಲಸದ ವೇಳೆಯ ಅಪಘಾತಕ್ಕೆ ವಿಮೆ ಯಾರು ಮಾಡಿಸಬೇಕೆಂಬುದು ಕರಾರಿನಲ್ಲೇ ಬರಲಿ. ಐದು, ಮತ್ತು ಇದು ನಮಗೆ ನಾವೇ ಹೇಳಿಕೊಳ್ಳುವ ಮಾತು, ಇಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ಒಂದು ಇಟ್ಟಿಗೆಯನ್ನೂ ಏರಿಸಲು ಹೇಳಕೂಡದು. ಕೆಲಸ ಅಳತೆಗೆ ಸರಿಯಾಗಿದ್ದರೆ ಹೇಳಿದ ದಿನ ಹಣ ಕೊಡಬೇಕು. ಕರಾರು ನಮ್ಮನ್ನೂ ಕಟ್ಟುತ್ತದೆ.

ದನದ ಕೊಟ್ಟಿಗೆಗೆ, ಕಾಂಪೌಂಡಿಗೆ ಇಷ್ಟೆಲ್ಲ ಬೇಕೆಂದು ನಾವು ಹೇಳುವುದಿಲ್ಲ. ಆದರೆ ನೀರು ನಿಲ್ಲಿಸುವ, ಮಣ್ಣು ತಡೆಯುವ, ಮೂಟೆ ಪೇರಿಸುವ ಕಟ್ಟಡಗಳಿಗೆ ಬೇಕೇ ಬೇಕು. ಸದಸ್ಯರು ತಮ್ಮ ತೋಟಗಳಲ್ಲಿ ಬಳಸಿಕೊಳ್ಳಲು ಒಂದು ಮಾದರಿ ಕರಾರುಪತ್ರವನ್ನು ಸಂಘದ ಕಚೇರಿಯಲ್ಲಿ ಇಡಿಸಲೂ ಸಭೆಯ ಅನುಮತಿ ಕೋರುತ್ತೇವೆ.

ಬಿರಿದ ಆ ತೊಟ್ಟಿಯ ಒಂದು ಗೋಡೆ ನಮ್ಮ ತೋಟದಲ್ಲಿ ಇನ್ನೂ ನಿಂತಿದೆ. ಮೇಲಿನ ಒಂದಡಿಯ ಕಲ್ಲು ಬೇರೆ ಬಣ್ಣದ್ದು, ದೂರದಿಂದಲೂ ಕಾಣುತ್ತದೆ. ಅನುಮಾನವಿರುವ ಸದಸ್ಯರು ಸಭೆಗೆ ಮುಂಚೆ ಬಂದು ನೋಡಬಹುದು, ಕಾಫಿಗೆ ಅಡ್ಡಿಯಿಲ್ಲ.

— ಕಾರ್ಯದರ್ಶಿ