ಮುಚ್ಚಿದ ಕಂಪನಿಗೆ ಬರುವ ಪತ್ರಗಳು

ಇಮೇಲ್ ವಿಳಾಸ ನಮ್ಮದು ಎಂದು ನಾವೆಲ್ಲ ನಂಬಿದ್ದೇವೆ. ಆ್ಯಟ್ ಚಿಹ್ನೆಯ ಬಲಗಡೆ ಇರುವ ಡೊಮೇನ್ ಯಾರ ಕೈಲಿದೆಯೋ, ನಿಜದಲ್ಲಿ ವಿಳಾಸ ಅವರದು. ಎಡಗಡೆಯ ನಮ್ಮ ಹೆಸರು ಇರುವುದು ಅವರು ಇಟ್ಟುಕೊಂಡಷ್ಟು ದಿನ. ಆ ಡೊಮೇನನ್ನು ಕೂಡ ಯಾರೂ ಶಾಶ್ವತವಾಗಿ ಕೊಂಡುಕೊಳ್ಳುವುದಿಲ್ಲ, ಶುಲ್ಕ ಕಟ್ಟಿ ಉಳಿಸಿಕೊಳ್ಳುತ್ತಾರೆ.

ಕಟ್ಟುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ಡಾಟ್ ಕಾಮ್‌ನಂಥ ಹೆಸರಾದರೆ ಅವಧಿ ಮುಗಿದ ಮೇಲೆ ಹೆಚ್ಚೆಂದರೆ 45 ದಿನ ಹೆಸರು ನೋಂದಾಯಿಸಿಕೊಟ್ಟ ಸಂಸ್ಥೆ, ಅಂದರೆ ರಿಜಿಸ್ಟ್ರಾರ್, ಕಾಯಬಹುದು. ಅನಂತರ 30 ದಿನ ಹಳೆಯ ಒಡೆಯ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಮತ್ತೈದು ದಿನಕ್ಕೆ ಹೆಸರು ಪಟ್ಟಿಯಿಂದ ಅಳಿಸಿಹೋಗಿ, ಮೊದಲು ಕೇಳಿದವರ ಪಾಲಾಗುತ್ತದೆ. ಕೊಂಡವರು, ಪತ್ರ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಯಲ್ಲಿ ತಮ್ಮ ಮೇಲ್ ಸರ್ವರಿನ ಹೆಸರು ಬರೆದರೆ ಸಾಕು, ಆ ಡೊಮೇನಿನ ಪತ್ರಗಳೆಲ್ಲ ಅವರ ಬಾಗಿಲಿಗೆ ಬರತೊಡಗುತ್ತವೆ.

ಹಾಗಾಗಿ, ತಾವು ಕೆಲಸ ಮಾಡುತ್ತಿದ್ದ ಸಣ್ಣ ಕಂಪನಿ ಮುಚ್ಚಿಹೋಗಿ ಅದರ ಡೊಮೇನ್ ಅನಾಥವಾಗಿದ್ದರೆ, ಅದನ್ನು ಕೊಂಡು ತಮ್ಮ ಹಳೆಯ ವಿಳಾಸಕ್ಕೆ ಮರುಜೀವ ಕೊಡುವವರಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹಳೆಯ ಪತ್ರಗಳು ಮರಳಿ ಬಾರವು, ಅವು ಹಳೆಯ ಸರ್ವರಿನ ಜೊತೆಗೇ ಹೋದವು. ಆದರೆ ಮರೆತ ಪಾಸ್‌ವರ್ಡ್ ಬದಲಿಸುವ ಕೊಂಡಿ, ಹತ್ತು ವರ್ಷದ ಹಿಂದಿನ ಗೆಳೆಯ ಹುಡುಕಿ ಬರೆದ ನಾಲ್ಕು ಸಾಲು ತಲುಪುತ್ತವೆ. ಎಲ್ಲರಿಗೂ ಈ ಭಾಗ್ಯವಿಲ್ಲ. 1995ರ ಆಗಸ್ಟ್ 15ರಂದು ಆಗಿನ ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದ ಮೇಲೆ, ಬಿಎಲ್‌ಆರ್ ಡಾಟ್ ವಿಎಸ್‌ಎನ್‌ಎಲ್ ಡಾಟ್ ನೆಟ್ ಡಾಟ್ ಇನ್ ಎಂಬ ಉದ್ದ ಬಾಲದ ವಿಳಾಸವನ್ನು ಬೆಂಗಳೂರಿನ ಎಷ್ಟೋ ಮಂದಿ ವಿಸಿಟಿಂಗ್ ಕಾರ್ಡಿನ ಮೇಲೆ ಹೆಮ್ಮೆಯಿಂದ ಅಚ್ಚು ಹಾಕಿಸಿದ್ದರು. ದೊಡ್ಡ ಸಂಸ್ಥೆಯ ಇಂಥ ಹೆಸರು ಚಂದಾದಾರರ ಕೈಗೆ ಸಿಗುವಂಥದ್ದಲ್ಲ.

ಸಿಕ್ಕವರ ಕಷ್ಟ ಬೇರೆ. ಡೊಮೇನ್ ಕೊಂಡವರಿಗೆ ತಮ್ಮ ಪತ್ರವಷ್ಟೇ ಬರುವುದಿಲ್ಲ. ಅಲ್ಲಿ ಕೆಲಸ ಮಾಡಿದ ಅಷ್ಟೂ ಜನರ ಹೆಸರಿಗೆ ಬರುವುದು ಅವರ ಸರ್ವರಿಗೇ ಬರುತ್ತದೆ: ಬ್ಯಾಂಕಿನ ಸೂಚನೆ, ಆಸ್ಪತ್ರೆಯ ವರದಿ, ಓಟಿಪಿ. 2025ರ ಜನವರಿಯಲ್ಲಿ ಅಮೆರಿಕದ ಟ್ರಫಲ್ ಸೆಕ್ಯುರಿಟಿ ಸಂಸ್ಥೆ ಇದನ್ನು ಮಾಡಿಯೇ ತೋರಿಸಿತು. ಮುಚ್ಚಿಹೋದ ಸ್ಟಾರ್ಟಪ್ ಒಂದರ ಡೊಮೇನ್ ಕೊಂಡು, ಹಳೆಯ ನೌಕರರ ಇಮೇಲ್ ಖಾತೆಗಳನ್ನು ಹೊಸದಾಗಿ ತೆರೆದು, ಗೂಗಲ್ ಮೂಲಕ ಲಾಗಿನ್ ಆಗುವ ಗುಂಡಿ ಒತ್ತಿದರು. ಸ್ಲ್ಯಾಕ್, ಜೂಮ್ ಮಾತ್ರವಲ್ಲ, ನೌಕರರ ಖಾಸಗಿ ವಿವರಗಳಿದ್ದ ಎಚ್‌ಆರ್ ತಂತ್ರಾಂಶವೂ ತೆರೆದುಕೊಂಡಿತು. ಬೀಗ ಒಡೆಯಬೇಕಾಗಲೇ ಇಲ್ಲ. ಅವರು ಪರೀಕ್ಷೆಗೆಂದು ಮಾಡಿದ್ದನ್ನು ಇನ್ನೊಬ್ಬರು ಕಳ್ಳತನಕ್ಕೆಂದು ಮಾಡಬಹುದು. ಸ್ಟಾರ್ಟಪ್‌ಗಳು ಹುಟ್ಟಿ ಮುಚ್ಚುತ್ತಲೇ ಇರುವ ಬೆಂಗಳೂರಿಗೆ ಇದು ದೂರದ ಸುದ್ದಿಯಲ್ಲ.

ಆದ್ದರಿಂದ ಹಳೆಯ ಡೊಮೇನ್ ಕೊಳ್ಳುವವರು ತಮ್ಮ ಒಂದು ವಿಳಾಸವನ್ನು ಮಾತ್ರ ತೆರೆಯಬೇಕು. ಉಳಿದ ಯಾವ ಹೆಸರಿಗೆ ಪತ್ರ ಬಂದರೂ ಅಂಥವರು ಇಲ್ಲಿಲ್ಲ ಎಂದು ಸರ್ವರ್ ಹಿಂದಿರುಗಿಸಬೇಕು. ಯಾವ ಹೆಸರಿಗೆ ಬಂದದ್ದನ್ನೂ ಒಂದೇ ಪೆಟ್ಟಿಗೆಗೆ ತುಂಬುವ 'ಕ್ಯಾಚ್ ಆಲ್' ಸೌಲಭ್ಯವಿದೆ, ಅದನ್ನು ಮುಟ್ಟಲೇಬಾರದು. ಪರರ ಪತ್ರ ಒಡೆಯಬಾರದೆಂಬ ಮರ್ಯಾದೆ ಅಂಚೆಯ ಕಾಲದ್ದಾದರೂ ಇಲ್ಲೂ ಅಷ್ಟೇ ಸಲ್ಲುತ್ತದೆ. ಮತ್ತೆ, ಒಮ್ಮೆ ಕೊಂಡರೆ ಬಿಡುವ ಹಾಗಿಲ್ಲ. ಬಿಟ್ಟ ವರ್ಷ ಅದು ಇನ್ಯಾರದೋ ಕೈಗೆ ಹೋಗುತ್ತದೆ.

ಶುಲ್ಕ ಕಟ್ಟುವುದನ್ನು ನೆನಪಿಡಲು ದೊಡ್ಡವರಿಗೇ ಕಷ್ಟ. 1999ರ ಕ್ರಿಸ್‌ಮಸ್ ಹೊತ್ತಿಗೆ ಹಾಟ್‌ಮೇಲ್ ಲಾಗಿನ್‌ಗೆ ಆಧಾರವಾಗಿದ್ದ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಶುಲ್ಕ ಕಟ್ಟುವುದನ್ನು ಮೈಕ್ರೋಸಾಫ್ಟ್ ಮರೆತಿತ್ತು. ಬಳಕೆದಾರರಿಗೆ ಪತ್ರ ತೆರೆಯಲು ಆಗಲಿಲ್ಲ. ಮೈಕೆಲ್ ಚೇನಿ ಎಂಬ ಪ್ರೋಗ್ರಾಮರ್ ಕಾರಣ ಪತ್ತೆಹಚ್ಚಿ, ತಮ್ಮ ಕಾರ್ಡಿನಿಂದ 35 ಡಾಲರ್ ಕಟ್ಟಿದರು. ಹೆಸರನ್ನು ತಮ್ಮದಾಗಿಸಿಕೊಳ್ಳಲಿಲ್ಲ, ಮೈಕ್ರೋಸಾಫ್ಟಿನ ಬಾಕಿಯನ್ನಷ್ಟೇ ತೀರಿಸಿದರು. ಇಂಥವರು ಸಿಗುವುದು ಅಪರೂಪ, ಅವರನ್ನು ನಂಬಿ ವ್ಯವಸ್ಥೆ ನಡೆಸಲಾಗದು.

ಹೊಣೆ ಮೊದಲಿಗೆ ಮುಚ್ಚುವವರದು. ಕಂಪನಿಯಾಗಲಿ, ಕಾಲೇಜಾಗಲಿ, ಪತ್ರಿಕೆಯಾಗಲಿ, ಬಾಗಿಲು ಹಾಕುವ ಮುನ್ನ ಡೊಮೇನಿಗೆ ಹತ್ತು ವರ್ಷದ ಶುಲ್ಕ ಒಟ್ಟಿಗೇ ಕಟ್ಟಲಿ. ಡಾಟ್ ಕಾಮ್‌ಗೆ ಒಮ್ಮೆಗೇ ಅಷ್ಟು ವರ್ಷ ಕಟ್ಟಲು ಅವಕಾಶವಿದೆ, ಖರ್ಚೂ ಸಂಸ್ಥೆಯೊಂದಕ್ಕೆ ದೊಡ್ಡದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜನರ ಮಾಹಿತಿ ಕಾಯುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸಿದೆ. ಮುಚ್ಚಿದ ಸಂಸ್ಥೆಯ ಡೊಮೇನ್ ಏನಾಗಬೇಕು ಎಂಬ ಮಾತು ಅದರಲ್ಲಿಲ್ಲ. ಅದನ್ನೂ ನಿಯಮದಲ್ಲಿ ಸೇರಿಸಬೇಕು.

ಅಲ್ಲಿಯವರೆಗೆ ನಿಮ್ಮ ಬ್ಯಾಂಕ್, ಭವಿಷ್ಯನಿಧಿ, ಆದಾಯ ತೆರಿಗೆ ಖಾತೆಗಳಲ್ಲಿ ಯಾವ ಇಮೇಲ್ ಇದೆ ಎಂದು ಈ ವಾರವೇ ನೋಡಿಕೊಳ್ಳಿ. ಬಿಟ್ಟುಬಂದ ಕಂಪನಿಯದಿದ್ದರೆ ಇಂದೇ ಬದಲಿಸಿ.